ಎಡಗಿವಿಯ ಎರಡು ಕಚ್ಚು

ಬೆರಳಿಗೆ ಹಳದಿ ಹತ್ತಿತು.

ಮಚ್ಛೇಂದ್ರ ಬೆರಳನ್ನು ಮೂಗಿಗೆ ಹಿಡಿದ. ಅರಿಶಿಣ. ಬರೀ ಅರಿಶಿಣ ಅಲ್ಲ, ಕುಸುಬೆ ಎಣ್ಣೆಯಲ್ಲಿ ಕಲಸಿದ್ದು. ಬೀದರದ ಟಾಕೀಸಿನ ಗೇಟಿನ ಮುಂದೆ, ಬೆಳಗಿನ ಒಂಬತ್ತಕ್ಕೇ ಚುರುಗುಟ್ಟುವ ಬಿಸಿಲಲ್ಲಿ, ಅರವತ್ತಾರು ವಯಸ್ಸಿನ ರಿಟೈರ್ಡ್ ಪಿಎಸ್ಐ ಆಸಾಮಿ ಬೆರಳು ಮೂಸುತ್ತ ನಿಂತೇಬಿಟ್ಟ.

“ಏನ್ ಸಿಕ್ತ್ರಿ ಸರ್?” ಹಿಂದೆ ನಿಂತಿದ್ದ ನರಸಿಂಗ ಕೇಳಿದ.

“ಏನಿಲ್ಲ. ಬಣ್ಣ.”

ಇದು ಮೊದಲನೇ ಸುಳ್ಳು. ದಿನ ಇನ್ನೂ ಈಗಷ್ಟೇ ಶುರುವಾಗಿತ್ತು.

ಎದುರಿಗೆ ಆಳೆತ್ತರದ ಪ್ಲೈವುಡ್ಡಿನ ಫೌಜದಾರ ವೀರಭದ್ರ ಹೆಗಲ ಮೇಲೆ ಕುರಿಮರಿ ಹೊತ್ತು ನಗುತ್ತಿದ್ದ. ಫೌಜದಾರ ಅಂದರೆ ಗೊತ್ತಲ್ಲ, ನಾಲ್ಕು ಪಿಚ್ಚರ್ ಬಂದು ನಾಲ್ಕೂ ನೂರು ದಿನ ಓಡಿದ ಹೀರೋ. ಐದನೆಯದು ‘ಮೊದಲ ಕೇಸು’, ಹತ್ತು ದಿನದ ಹಿಂದೆ ಬಂದದ್ದು. ಮೀಸೆ ಪೂರಾ ಮೂಡುವ ಮೊದಲಿನ ಫೌಜದಾರನ ಕಥೆ. ಎಪ್ಪತ್ತೆರಡರ ಬರದಲ್ಲಿ ಒಬ್ಬ ಇಪ್ಪತ್ಮೂರರ ಪೇದೆ ಕುರಿಗಳ್ಳನನ್ನು ಕುರಿಯ ಕಿವಿ ನೋಡಿ ಹಿಡಿದ ಕಥೆ. ಆ ಪೇದೆ ನಿಜವಾಗಿ ಯಾರು ಅಂತ ಬೀದರ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಸಿನಿಮಾದವರು ಹೋದ ವರ್ಷ ಎರಡು ದಿನ ಮಚ್ಛೇಂದ್ರನ ಮನೆಯಲ್ಲೇ ಕೂತು ಟೇಪಿನಲ್ಲಿ ತುಂಬಿಕೊಂಡು ಹೋಗಿದ್ದರು.

ಈಗ ಶುಕ್ರವಾರ ಔರಾದ, ಶನಿವಾರ ಭಾಲ್ಕಿ, ನಿನ್ನೆ ಭಾನುವಾರ ಬೀದರ. ಮೂರು ಊರು, ಮೂರು ಕಟೌಟು, ಮೂರರಲ್ಲೂ ಕುರಿಮರಿಯ ಎಡಗಿವಿಗೆ ಯಾರೋ ಕೊಯ್ದ ಎರಡೆರಡು ಕಚ್ಚು.

“ನೋಡ್ರಿ ಸರ್, ಈ ಫೋಟೋ ನಿನ್ನೆ ಮಧ್ಯಾಹ್ನ ಎರಡು ಗಂಟಿ ಐದು ನಿಮಿಷಕ್ಕ ತಗದದ್ದು. ಕಿವಿ ಸಾಬೀತ್ ಅದ, ಕೊಯ್ದಿಲ್ಲ.” ನರಸಿಂಗ ಮೊಬೈಲು ಮುಂದೆ ಹಿಡಿದ. “ಇದು ಎರಡೂ ನಲವತ್ತಕ್ಕೆ. ಕಿವಿ ಕೊಯ್ದದ. ನಡುವ ಆಗ್ಯಾದ.”

ನರಸಿಂಗ ಭಾಲ್ಕಿಯವನು, ಮೊಬೈಲ್ ಅಂಗಡಿ ಇಟ್ಟವನು, ಅಭಿಮಾನಿ ಬಳಗದ ಅಧ್ಯಕ್ಷ. ಅಸಲಿ ಫೌಜದಾರನೇ ಬಂದು ನೋಡಲಿ ಅಂತ ಮಚ್ಛೇಂದ್ರನನ್ನು ಕರೆತಂದವನೂ ಇವನೇ. ಬಲಗೈ ಮೇಲೆ ಫೌಜದಾರನ ಮುಖದ ಹಚ್ಚೆ. ಇಪ್ಪತ್ತನಾಲ್ಕು ವಯಸ್ಸು, ಸೋಂಬೇರಿ ಅಲ್ಲ, ಕೆಟ್ಟವನೂ ಅಲ್ಲ. ಆದರೆ ಪಿಚ್ಚರ್ ಬಂದ ದಿನ ಕಟೌಟಿಗೆ ಒಂದು ಟ್ಯಾಂಕರ್ ನೀರು ಸುರಿಸಿ, ಕೊಡ ಹಿಡಿದು ನಿಂತ ಅರ್ಧ ಓಣಿಯ ಹೆಂಗಸರ ಬಾಯಲ್ಲಿ ಬೈಸಿಕೊಂಡವನು.

“ಆ ಹೊತ್ತಿನ್ಯಾಗ ವಾಚ್‌ಮನ್ ಎಲ್ಲಿದ್ದ?”

ವಾಚ್‌ಮನ್ ನೆಲ ನೋಡಿದ. “ಒಳಗರಿ. ಕಿವಿ ಸೀನ್ ಬಂದಾಗ ದಿನಾ ಒಳಗ ಹೋಗ್ತೇನ್ರಿ. ‘ಕುರಿ ಸುಳ್ಳು ಹೇಳಲ್ಲ, ಅದರ ಕಿವಿ ಸಾಕ್ಷಿ ಹೇಳ್ತದೆ’ ಅಂತಾನಲ್ರಿ, ಅದು ನೋಡದಿದ್ರ ಉಂಡದ್ದು ಮೈಗಿ ಹತ್ತಂಗಿಲ್ಲ.”

ಔರಾದದಲ್ಲೂ ಹೀಗೇ, ಭಾಲ್ಕಿಯಲ್ಲೂ ಹೀಗೇ. ಕಿವಿ ಸೀನಿಗೆ ಒಳಗೆ ಸೀಟಿಯ ಗದ್ದಲ, ಹೊರಗೆ ನರಪಿಳ್ಳೆ ಇಲ್ಲ. ಅಂದರೆ ಕೊಯ್ದವರು ಪಿಚ್ಚರ್ ಪೂರಾ ನೋಡಿದವರು. ಸೀನು ಯಾವ ಹೊತ್ತಿಗೆ ಬರುತ್ತದೆ ಅಂತ ಬಲ್ಲವರು. ಕೈಯಲ್ಲಿ ಬ್ಲೇಡಲ್ಲ, ಉಣ್ಣೆ ಕತ್ತರಿಸುವ ಬಲವಾದ ಕತ್ತರಿ ಇದ್ದವರು. ಕೊಯ್ದ ಮೇಲೆ, ಮರದ ಕಿವಿಗೂ ಗಾಯ ಆದೀತು ಅಂತ ಅರಿಶಿಣ ಹಚ್ಚಿ ಹೋದವರು.

ಕುರಿ ಕಾಯುವವರಲ್ಲದೆ ಈ ಭೂಮಿ ಮೇಲೆ ಇನ್ಯಾರು ಹಾಗೆ ಮಾಡುತ್ತಾರೆ? ಮಚ್ಛೇಂದ್ರ ಬೆರಳನ್ನು ಅಂಗಿಗೆ ಒರೆಸಿಕೊಂಡ.

ಆ ಎರಡು ಕಚ್ಚಿನ ಅರ್ಥ ಅವನಿಗೆ ಗೊತ್ತಿತ್ತು. ನಲವತ್ಮೂರು ವರ್ಷದಿಂದ ಗೊತ್ತಿತ್ತು.

*

ಠಾಣೆಯ ಲಾಕಪ್ಪಿನಲ್ಲಿ ಮಕ್ಸೂದ ಕೂತಿದ್ದ. ಮೂವತ್ತು ವರ್ಷ ಗೋಡೆಗೆ ಪೋಸ್ಟರ್ ಹಚ್ಚಿದ ಮನುಷ್ಯ. ನಿನ್ನೆ ಸಂಜೆ ಅಭಿಮಾನಿಗಳು ಅವನ ಚೀಲದಲ್ಲಿ ಬ್ಲೇಡು ಕಂಡು, ಬೆರಳಲ್ಲಿ ಹಳದಿ ಬಣ್ಣ ಕಂಡು, ಎಳೆದುಕೊಂಡು ಬಂದಿದ್ದರು. ಬರುವ ದಾರಿಯಲ್ಲಿ ಟಿಕೆಟ್ ಕಿಟಕಿಯ ಗಾಜು ಒಡೆದರು, ಅದೂ ಅವನ ತಲೆಗೇ ಕಟ್ಟಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ.

ಮೂಲ ಕಾರಣ ಬೇರೆಯೇ ಇತ್ತು. ಚಹಾ ಹೋಟೆಲಿನಲ್ಲಿ ಮಕ್ಸೂದ ನಾಲ್ಕು ಮಂದಿಗೆ ಕೇಳುವ ಹಾಗೆ ‘ಪಿಚ್ಚರ್ ಬಕ್ವಾಸ್’ ಅಂದಿದ್ದ.

“ಅಂದೀನ್ರಿ ಸಾಹೇಬ್,” ಅಂದ ಸರಳಿನ ಒಳಗಿನಿಂದ. ತುಟಿ ಒಡೆದಿತ್ತು. “ಬಕ್ವಾಸ್ ಅನ್ನೋದು ಜುರ್ಮ್ ಏನ್ರಿ? ನಾಲ್ಕು ಪಿಚ್ಚರಿನ್ಯಾಗ ನಮ್ಮ ಫೌಜದಾರ್ ಗರೀಬರ ಬಾಜೂಕ ನಿಂತಾನ. ಇದ್ರಾಗ ಏನ್ ಮಾಡ್ತಾನ? ಒಬ್ಬ ಕುರಿ ಕಾಯೋ ಗರೀಬನ ಕಪಾಳಕ್ಕ ಹೊಡೀತಾನ, ಎಲ್ಲಾರೂ ಸೀಟಿ ಹೊಡೀತಾರ. ಇವ ನಮ್ಮ ಫೌಜದಾರ್ ಅಲ್ಲ ಅಂತ ಇಂಟರ್ವಲ್ಲಿಗೇ ಎದ್ದು ಬಂದೀನಿ. ಆಮ್ಯಾಲ ಏನ್ ಆಗ್ತದ, ಇನ್ನೂ ನೋಡಿಲ್ಲ.”

ಕಿವಿ ಸೀನು ಇಂಟರ್ವಲ್ ಆದ ಮೇಲೆ ಬರುತ್ತದೆ. ಮಕ್ಸೂದ ಅದನ್ನು ನೋಡಿಯೇ ಇಲ್ಲ. ಇವನು ನಿರ್ದೋಷಿ ಅಂತ ಮಚ್ಛೇಂದ್ರನಿಗೆ ಅಷ್ಟೇ ಸಾಕಾಗಿತ್ತು. ಆದರೆ ಎದೆಗೆ ನಾಟಿದ್ದು ಅದಲ್ಲ. ಜಿಲ್ಲೆಯೆಲ್ಲ ಸೀಟಿ ಹೊಡೆದ ಪಿಚ್ಚರನ್ನು ಸರಿಯಾಗಿ ನೋಡಿದವನು ಇವನೊಬ್ಬನೇ, ಅವನು ಲಾಕಪ್ಪಿನಲ್ಲಿದ್ದ.

“ಸಾಹೇಬ್, ನೀವು ಅಸಲಿ ಫೌಜದಾರ್ ಅದೀರಿ. ನೀವೊಂದು ಮಾತು ಅಂದ್ರ ಎಲ್ಲಾರೂ ಕೇಳ್ತಾರ.”

“ನೋಡ್ತೇನಿ,” ಅಂದ ಮಚ್ಛೇಂದ್ರ. ಅವನ ಕಣ್ಣು ನೋಡಿ ಅನ್ನಲಿಲ್ಲ, ಸರಳು ನೋಡಿ ಅಂದ.

ಹೊರಗೆ ಕಟ್ಟೆಯ ಮೇಲೆ ಮಕ್ಸೂದನ ಹೆಂಡತಿ ಅಜೀಜಾ ಬೇಗಂ ಊಟದ ಡಬ್ಬಿ ಹಿಡಿದು ಕೂತಿದ್ದಳು. ಮಚ್ಛೇಂದ್ರನನ್ನು ಕಂಡದ್ದೇ ಎದ್ದು ನಿಂತಳು.

ಪಿಎಸ್ಐ ರಶೀದ ಅಹ್ಮದ ವಯಸ್ಸಿನ ಹುಡುಗ, ಫೌಜದಾರನ ಮೊದಲ ಪಿಚ್ಚರ್ ನೋಡಿಯೇ ಪೊಲೀಸ್ ಆದವನು. ಕುರ್ಚಿ ಬಿಟ್ಟೆದ್ದು ನಿಂತು ಮಾತಾಡಿದ. “ಸರ್, ನನಗೂ ಇವನ ಮ್ಯಾಲ ಪೂರಾ ನಂಬಿಕಿ ಬಂದಿಲ್ಲ. ಆದ್ರ ಕಂಪ್ಲೇಂಟ್ ಅದ, ಗಲಾಟಿ ಆಗ್ಯಾದ. ಐದಕ್ಕೆ ಮ್ಯಾಜಿಸ್ಟ್ರೇಟ್ ಮುಂದ ಹಾಜರ್ ಮಾಡ್ಬೇಕು. ಅಷ್ಟರಾಗ ಖರೇ ಮಾಡಿದವರ ಹೆಸರು ತಂದುಕೊಡ್ರಿ. ಕಂಪ್ಲೇಂಟ್ ಕೊಟ್ಟ ನರಸಿಂಗ ‘ತಪ್ಪು ಮನುಷ್ಯಾನ್ನ ಹಿಡದೀವಿ’ ಅಂತ ಒಂದು ಸಹಿ ಹಾಕ್ಲಿ. ಇವನ್ನ ಇಲ್ಲಿಂದ್ಲೇ ಮನಿಗಿ ಕಳಿಸ್ತೇನಿ. ಐದು ಆತಂದ್ರ ನನ್ನ ಕೈಯಾಗ ಇರಂಗಿಲ್ಲ.”

*

ಅಭಿಮಾನಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂಬೈನೂರು ಮಂದಿ. ನರಸಿಂಗ ಠಾಣೆಯ ಮುಂದಿನ ಬೇವಿನ ಕೆಳಗೆ ಕೂತು ಒಂದೊಂದೇ ಓದಿ ಹೇಳಿದ. ಯಾರಾದರೂ ವೈರಿಗಳು ಸಿಕ್ಕಾರು ಅಂತ ಅವನ ಲೆಕ್ಕ.

“‘ಪಿಚ್ಚರ್ ಬೆಂಕಿ. ಕಿವಿ ಸೀನಿಗಿ ಮೈ ಜುಮ್ ಅಂತು.’ ಇಂಥವು ನಾಲ್ಕನೂರು ಅದಾವ್ರಿ. ‘ಮೀಸಿ ಇಲ್ಲದ ಫೌಜದಾರ ನಮಗ ಬ್ಯಾಡ, ಹಳೇ ಹೀರೋನ್ನೇ ಹಾಕಬೇಕಿತ್ತು.’ ಇವ ಬಸವಕಲ್ಯಾಣದಾವ, ಯಾವಾಗಲೂ ಹಿಂಗೇ. ‘ನಾವು ಹೈದರಾಬಾದಿನ್ಯಾಗ ಸೆಂಟ್ರಿಂಗ್ ಕೆಲಸದಾಗ ಅದೀವಿ, ಇಲ್ಲಿ ಕನ್ನಡ ಪಿಚ್ಚರ್ ಹಾಕಿಲ್ಲ, ಯಾರರ ಪೂರಾ ಕಥಿ ಹೇಳ್ರಪಾ.’ ಇಂಥವೂ ಭಾಳ ಅದಾವ್ರಿ. ಎರಡು ವರ್ಷ ಮಳಿ ಇಲ್ಲ, ಅರ್ಧಾ ಬಳಗ ಹೊರಗೇ ಅದ.”

ಒಂದು ಕಡೆ ಅವನು ಜೋರಾಗಿ ನಕ್ಕ.

“ಇದು ಕೇಳ್ರಿ ಸರ್. ‘ಮೂರನೇ ಪಿಚ್ಚರಿನ್ಯಾಗ ಫೌಜದಾರ ಮಟನ್ ತಾಟು ಸರಿಸಿಬಿಡ್ತಾನ, ಯಾಕಂತ ಇವತ್ತ ಗೊತ್ತಾತು! ಕುರಿ ಮ್ಯಾಲಿನ ಗೌರವ!’ ಏನು ತಲಿ ನೋಡ್ರಿ ನಮ್ಮ ಹುಡುಗರದು!”

ಮಚ್ಛೇಂದ್ರ ನಲವತ್ಮೂರು ವರ್ಷದಿಂದ ಕುರಿ ಮಾಂಸ ಮುಟ್ಟಿರಲಿಲ್ಲ. ಮೂರನೇ ಪಿಚ್ಚರಿಗೂ ಮೊದಲು ಒಮ್ಮೆ ಸಿನಿಮಾದವರು ಅವನ ಜೊತೆ ಊಟಕ್ಕೆ ಕೂತಾಗ ಅದನ್ನು ಕಂಡು ಹಿಡಿದುಕೊಂಡಿದ್ದರು. ಯಾಕೆ ಅಂತ ಕೇಳಿದಾಗ ಅವನು ದೊಡ್ಡ ಮನುಷ್ಯನ ಹಾಗೆ ಸುಮ್ಮನೆ ನಕ್ಕಿದ್ದ. ಆ ನಗು ನೆನೆಸಿಕೊಂಡರೆ ಈಗ ಕಿವಿ ಬಿಸಿಯಾಯಿತು.

“ಇನ್ನ ಇದೊಂದು. ಯಾರೋ ಏನೋ, ಹೆಸರಿಲ್ಲ, ನಂಬರ್ ಅಷ್ಟೇ ಅದ. ‘ನಮ್ಮ ಓಣಿ ಮುದುಕಿ ಒಬ್ಬಾಕಿ ಹೇಳ್ತಾಳ, ಪಿಚ್ಚರಿನ್ಯಾಗ ತಪ್ಪು ತೋರಿಸ್ಯಾರಂತ. ಮ್ಯಾಲಿನ ಕಚ್ಚು ಧಣೀದು, ಕೆಳಗಿಂದು ಸಾಕಾವಂದು, ಅದು ಕಳವಲ್ಲಂತ.’ ಕುರಿ ಮುದುಕಿ ಪಿಚ್ಚರ್ ಪಂಡಿತಳು!” ನರಸಿಂಗನ ಮೊಬೈಲಿನಲ್ಲಿ ಆ ಮಾತಿನ ಕೆಳಗೆ ನಲವತ್ತು ನಗುವ ಮುಖ ಇದ್ದವು. ಒಂದು ಅವನದೇ.

“ಆ ನಂಬರ್ ಹೇಳು,” ಅಂದ ಮಚ್ಛೇಂದ್ರ.

“ಯಾಕ್ರಿ?”

“ಸುಮ್ಮ.”

ಎರಡನೇ ಸುಳ್ಳು. ಠಾಣೆಯ ಹಿಂದಿನ ಗೋಡೆಯ ಮರೆಗೆ ಹೋಗಿ ಫೋನ್ ಹಚ್ಚಿದ. ಎತ್ತಿದವಳು ವಿಮಲಾಬಾಯಿ ಅಂತ ಬಟ್ಟೆ ಹೊಲಿಯುವವಳು. ಊರು ಠಾಣಾ ಕುಶನೂರ. ಮಚ್ಛೇಂದ್ರ ಮುದುಕಿಯ ಹೆಸರು ಕೇಳಿದ.

“ಸತ್ಯಮ್ಮ ಅಂತರಿ. ವೈಜಿನಾಥನ ಹೆಂಡತಿ.”

*

ಸಂತಪುರದವರೆಗೆ ಬಸ್ಸಿನಲ್ಲಿ ನಿಂತೇ ಹೋದ. ಅಲ್ಲಿಂದ ಕುಶನೂರಿನ ಬಸ್ಸಿನಲ್ಲಿ ಸೀಟು ಬೇಕಾದಷ್ಟು ಖಾಲಿ ಇದ್ದವು. ಕಿಟಕಿಯ ಹೊರಗೆ ತೊಗರಿ ಕಟ್ಟಿಗೆಯೂ ಉಳಿಯದ ಕರಿ ಹೊಲ.

ಎಪ್ಪತ್ತೆರಡರ ಬರ ಇನ್ನೂ ಮುಗಿಯದ ಎಪ್ಪತ್ತಮೂರರ ಬೇಸಿಗೆಯೂ ಹೀಗೇ ಇತ್ತು. ಮಂದಿ ಬೊಂಬಾಯಿಗೆ, ಪುಣೆಗೆ ಗಂಟು ಕಟ್ಟಿ ಹೋಗುತ್ತಿದ್ದರು. ಕುರಿ ಇದ್ದವರು ಕುರಿ ಹೊತ್ತುಕೊಂಡು ಹೋಗಲಾಗುತ್ತದೆಯೇ? ನಂಬಿಗಸ್ತನ ಹಟ್ಟಿಯಲ್ಲಿ ಪಾಲಿಗೆ ಬಿಟ್ಟು ಹೋಗುತ್ತಿದ್ದರು. ಹುಟ್ಟಿದ ಮರಿ ಅರ್ಧ ನಿನಗೆ, ಅರ್ಧ ನನಗೆ. ಕಾಗದ ಇಲ್ಲ, ಪತ್ರ ಇಲ್ಲ. ಎಡಗಿವಿಯಲ್ಲಿ ಧಣಿಯ ಕಚ್ಚು ಮೊದಲೇ ಇರುತ್ತದೆ, ಅದರ ಕೆಳಗೆ ಸಾಕುವವನು ತನ್ನದೊಂದು ಕಚ್ಚು ಹಾಕುತ್ತಾನೆ. ಎರಡು ಕಚ್ಚು ಅಂದರೆ ಇದು ನನ್ನದಲ್ಲ, ನನ್ನ ಮೇಲೆ ಭರವಸೆ ಇಟ್ಟು ಬಿಟ್ಟದ್ದು ಅಂತ ಊರಿಗೆಲ್ಲ ಸಾರಿದ ಹಾಗೆ.

ಕಮಠಾಣದ ಹುಡುಗ ಮಚ್ಛೇಂದ್ರನಿಗೆ ಜೋಳ ಗೊತ್ತಿತ್ತು, ತೊಗರಿ ಗೊತ್ತಿತ್ತು, ಕುರಿಯ ಕಿವಿ ಗೊತ್ತಿರಲಿಲ್ಲ. ಅವರ ಓಣಿಗೇ ಅವನು ಮೊದಲನೇ ಖಾಕಿ. ಅವನನ್ನು ಹಾಕಿದ್ದ ಕುಶನೂರಿನ ಸೀಮೆಯಲ್ಲಿ ಕುರಿ ಕಳುವಾಗುತ್ತಿದ್ದವು, ಮೇಲಿನವರು ಕಳ್ಳನನ್ನು ಕೇಳುತ್ತಿದ್ದರು. ವೈಜಿನಾಥನ ಹಟ್ಟಿಯಲ್ಲಿ ಹದಿನೆಂಟು ಕುರಿಗೆ ಹಳೆಯ ಕಚ್ಚಿನ ಕೆಳಗೆ ಹೊಸ ಕಚ್ಚು ಕಂಡವು. ಕದ್ದ ಮಾಲಿಗೆ ತನ್ನ ಮುದ್ರೆ ಒತ್ತಿದ್ದಾನೆ ಅಂದುಕೊಂಡ. ‘ದತ್ತಾತ್ರಿ ಪಾಲಿಗಿ ಬಿಟ್ಟಾನ್ರಿ’ ಅಂತ ವೈಜಿನಾಥ ಅಂಗಲಾಚಿದ. ಎಲ್ಲಿದ್ದಾನೆ ನಿನ್ನ ದತ್ತಾತ್ರಿ? ಬೊಂಬಾಯಿಯಲ್ಲಿ. ಬೊಂಬಾಯಿಯಲ್ಲಿ ಎಲ್ಲಿ? ಗೊತ್ತಿಲ್ಲ. ಹೌದು ಅನ್ನಬೇಕಾದ ಊರವರೂ ಬೊಂಬಾಯಿಯಲ್ಲೇ ಇದ್ದರು. ಹೆಬ್ಬೆಟ್ಟು ಒತ್ತಿಸಿದ. ನಾಲ್ಕು ತಿಂಗಳು ಜೈಲಾಯಿತು. ಪೇಪರಿನಲ್ಲಿ ಮಚ್ಛೇಂದ್ರನ ಫೋಟೋ ಬಂತು.

ಅಲ್ಲಿಗೇ ನಿಂತಿದ್ದರೆ ತಿಳಿಯದೆ ಮಾಡಿದ ತಪ್ಪು ಅಂತ ಹೇಳಿ ಮಲಗಬಹುದಿತ್ತು. ನಿಲ್ಲಲಿಲ್ಲ. ಜೂನಿನಲ್ಲಿ ಮಿರಗದ ಮಳೆ ಬಿದ್ದ ಎಂಟನೇ ದಿನಕ್ಕೆ ದತ್ತಾತ್ರಿ ಬೊಂಬಾಯಿಯಿಂದ ನೆಟ್ಟಗೆ ಚೌಕಿಗೇ ಬಂದ. ನನ್ನ ಕುರಿ ನಾನೇ ಬಿಟ್ಟಿದ್ದು ಸಾಹೇಬ, ವೈಜಿನಾಥ ದೇವರಂಥಾವ ಅಂದ. ಚೌಕಿಯಲ್ಲಿ ಮಚ್ಛೇಂದ್ರ ಒಬ್ಬನೇ ಇದ್ದ. ಬಾಗಿಲ ಕಡೆ ನೋಡಿ, ಕೇಸು ಮುಗಿದದ್ದಾಯಿತು, ಹೋಗು ಅಂದ.

ಅಷ್ಟೇ. ಒಂದೇ ಮಾತು. ಅದರ ಮೇಲೆ ಒಂದು ನೌಕರಿ, ಒಂದು ಹೆಸರು, ಐದು ಪಿಚ್ಚರ್ ನಿಂತವು. ಆ ಪೇಪರ್ ಕಟಿಂಗು ಮನೆಯ ಗೋಡೆಯಲ್ಲಿ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ಎರಡರ ನಡುವೆ ತೂಗುತ್ತಿತ್ತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಅವನ ತಾಯಿ ಜಿಜಾಬಾಯಿ ಮಾತುಮಾತಿಗೆ ಅನ್ನುತ್ತಿದ್ದಳು. ಮಗನ ಫೋಟೋಗೆ ದಿನಾ ಧೂಳು ಒರೆಸಿದವಳೂ ಅವಳೇ.

*

ಸತ್ಯಮ್ಮ ಅಂಗಳದ ಬೇವಿನ ನೆರಳಲ್ಲಿ ಒಂದು ಮರಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಅದರ ಗೊರಸಿನ ಮುಳ್ಳು ತೆಗೆಯುತ್ತಿದ್ದಳು. ಹಟ್ಟಿಯಲ್ಲಿ ಉಳಿದದ್ದು ಆರು ಕುರಿ. ಅವಳ ಹಣೆಯ ಮೇಲೆ ಕುಂಕುಮ ಇತ್ತು.

“ನಾ ಮಚ್ಛೇಂದ್ರ...”

“ಗೊತ್ತದ, ಕೂಡ್ರಿ. ಪಿಚ್ಚರಿನ್ಯಾಗ ನೀವು ಭಾಳ ಬೆಳ್ಳಗ ಅದೀರಿ.”

ಅವನು ಕೂಡಲಿಲ್ಲ. ಕೂಡುವ ಮುಖ ಇರಲಿಲ್ಲ.

“ಕಿವಿ ಕೊಯ್ದದ್ದು...”

“ನಾನೇ. ಮೂರೂ ನಾನೇ ಕೊಯ್ದೀನಿ.” ಮುಳ್ಳು ಹೊರಗೆ ಬಂತು. ಮರಿಯನ್ನು ಬಿಟ್ಟಳು. “ಬಸ್ಸಿಗಿ ಹೋದೆ, ಬಸ್ಸಿಗಿ ಬಂದೆ. ಒಳಗ ಎಲ್ಲಾರೂ ಸೀಟಿ ಹೊಡಿಲಾಕತ್ತಿದ್ರು. ಮುದುಕಿ ಕೈಯಾಗ ಕತ್ತರಿ ಇದ್ರ ಯಾರು ನೋಡ್ತಾರ?”

“ಅರಿಶಿಣ ಯಾಕ ಹಚ್ಚಿದಿ?”

ಇಲ್ಲಿಯವರೆಗೆ ಗಟ್ಟಿಯಾಗಿದ್ದವಳು ಈಗ ಸೆರಗು ಬಾಯಿಗೆ ಹಿಡಿದಳು. ನಾಚಿಕೊಂಡಳು ಕಣ್ರೀ, ಆ ವಯಸ್ಸಿನಲ್ಲಿ. “ಕೈ ಕೇಳಲಿಲ್ರಿ. ಸಣ್ಣಾಕಿ ಇದ್ದಾಗಿಂದ ಕಿವಿ ಕೊಯ್ದು ಅರಿಶಿಣ ಹಚ್ಚಿದ ಕೈ. ಕಟ್ಟಿಗಿ ಅಂತ ತಿಳೀತಿತ್ತು, ಆದರೂ ಹಂಗೇ ಬಿಟ್ಟು ಬರಲಾಕ ಮನಸ್ಸಾಗಲಿಲ್ಲ.”

“ಯಾರಿಗರ ಹೇಳಬಹುದಿತ್ತು. ಪೇಪರಿನವರಿಗಿ...”

“ವಿಮಲಾಬಾಯಿ ಕೈಲೆ ಬರಸಿದೆ. ಎಲ್ಲಾರೂ ನಕ್ಕರಂತ.” ಸತ್ಯಮ್ಮ ಅವನನ್ನು ಮೊದಲ ಸಲ ನೆಟ್ಟಗೆ ನೋಡಿದಳು. “ಅದಕ್ಕ ಕೊಯ್ದೆ. ಮೂರು ಊರಾಗ ಎಷ್ಟು ಮಂದಿ ನೋಡಿದ್ರು, ಒಬ್ಬರಿಗರ ತಿಳೀತೇನ್ರಿ? ತಿಳಿಯೋರು ಹೈದರಾಬಾದಿನ್ಯಾಗ ಇಟ್ಟಂಗಿ ಹೊರ್ಲಾಕತ್ತಾರ. ಎರಡು ಕಚ್ಚು ನೋಡಿ ನನ್ನ ಅಂಗಳಕ್ಕ ಬರಾವ ಒಬ್ಬನೇ ಇದ್ದ. ಅವ ಬರ್ಲಿಲ್ಲ ಅಂದ್ರ, ಪಾಪ, ಅವನಿಗಿ ಗೊತ್ತಿರ್ಲಿಲ್ಲ, ತಿಳೀದೆ ಮಾಡ್ಯಾನ ಅಂತ ಬಿಟ್ಟುಬಿಡ್ತಿದ್ದೆ. ನೀವು ಬಂದ್ರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಪಿಎಸ್ಐ ಸಾಹೇಬರು ಎರಡು ಬಸ್ಸು ಬದಲಿಸಿ ಬಂದು ಹೆಗಲು ಮುಟ್ಟಿಕೊಂಡಿದ್ದರು. ಮೂವತ್ತೆಂಟು ವರ್ಷ ಸರ್ವೀಸು ಮಾಡಿದವನನ್ನು ಒಬ್ಬ ಕುರಿ ಕಾಯುವ ಮುದುಕಿ ಕತ್ತರಿ ಹಾಕಿ ಹಿಡಿದುಬಿಟ್ಟಳು. ಮಚ್ಛೇಂದ್ರ ಈಗ ನೆಲಕ್ಕೆ ಕೂತ.

“ಪಿಚ್ಚರಿನ್ಯಾಗ ಕಳ್ಳಗ ಬಂಗಾರದ ಹಲ್ಲು ಹಚ್ಚ್ಯಾರ,” ಅಂದಳು. “ನನ್ನ ಗಂಡಗ ಮುಂದಿನ ಎರಡು ಹಲ್ಲೇ ಇರಲಿಲ್ಲ. ನಿಮ್ಮ ಚೌಕಿನ್ಯಾಗ ಬಿದ್ದಿದ್ವು.”

“ನೆನಪದ.”

“ಇರ್ಲಿ, ನಿಮಗರ ನೆನಪದ.” ದನಿ ಏರಲಿಲ್ಲ. “ಜೇಲಿನಿಂದ ಬಂದಾವ ಎಂಟು ದಿನ ಇದ್ದ. ಕಿವಿಗಳ್ಳ, ಕಿವಿಗಳ್ಳ ಅಂದ್ರು. ಪುಣೆ ಕಡಿ ಹೋಗ್ತೇನಿ ಅಂತ ಹೋದ. ಇನ್ನೂ ಬಂದಿಲ್ಲ. ಕುಂಕುಮ ಹಚ್ಚಕೊಳ್ಳಲೋ ಅಳಸಲೋ ಅಂತ ದಿನಾ ಮುಂಜಾನಿ ಕನ್ನಡಿ ಹಿಡಕೊಂಡು ಕುಂದ್ರತೇನಿ. ಹೋದ ವಾರ ಭಾಲ್ಕಿಯಿಂದ ಮೊಮ್ಮಗ ಬಂದ. ‘ಅಜ್ಜಿ, ಪಿಚ್ಚರಿನ್ಯಾಗ ನಿಮ್ಮ ಕಡಿ ಕುರಿ ತೋರಿಸ್ಯಾರ, ಬಾ’ ಅಂತ ಔರಾದಿಗಿ ಕರಕೊಂಡು ಹೋದ. ನನ್ನ ಬಾಜೂಕ ಕುಂತು ಸೀಟಿ ಹೊಡದ. ಅವಗ ಏನು ಗೊತ್ತು? ನನ್ನ ಮಗಳು ಲಲಿತಾಬಾಯಿ ಲಗ್ನದಾಗ ಅಪ್ಪ ಬರಗಾಲದಾಗ ಜ್ವರ ಬಂದು ಸತ್ತ ಅಂತ ಹೇಳೀವಿ. ಕಳ್ಳನ ಮಗಳು ಅಂದ್ರ ಯಾರು ಮಾಡ್ಕೋತಿದ್ರು?”

ಮಚ್ಛೇಂದ್ರನಿಗೆ ಕ್ಷಮೆ ಕೇಳಬೇಕು ಅನ್ನಿಸಿತು. ಬಾಯಿ ತೆರೆದರೆ ಬಂದದ್ದು ಪೊಲೀಸ್ ಮಾತು. “ಒಬ್ಬಾತನ್ನ ಹಿಡದಾರ. ಮಕ್ಸೂದ ಅಂತ. ಪೋಸ್ಟರ್ ಹಚ್ಚಾವ. ಐದಕ್ಕೆ ಜೈಲಿಗಿ ಹೋಗ್ತಾನ.”

ಸತ್ಯಮ್ಮ ಎದ್ದು ನಿಂತಳು. ಈ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ.

“ನನ್ನ ಕತ್ತರಿಗಿ ಅವ ಯಾಕ ಹೋಗ್ತಾನ? ಹೆಂಡತಿ ಅದಾಳೇನು?”

“ಅದಾಳ. ಠಾಣಾ ಮುಂದ ಡಬ್ಬಿ ಹಿಡಕೊಂಡು ಕುಂತಾಳ.”

“ಹಂಗಾದ್ರ ಇಲ್ಲ್ಯಾಕ ಕುಂತೀರಿ? ಏಳ್ರಿ!” ಬೈದಳು. “ನನ್ನ ಹೆಸರು ಬರೀರಿ. ಸತ್ಯಮ್ಮ ಕೊಯ್ದಾಳ ಅಂತ ಬರೀರಿ. ಹೆಬ್ಬೆಟ್ಟು ಬೇಕಾದ್ರ ಕೊಡ್ತೇನಿ, ನಮ್ಮ ಮನಿಗಿ ಅದೇನು ಹೊಸಾದಲ್ಲ. ಯಾಕ ಕೊಯ್ದಾಳ ಅಂತನೂ ಬರೀರಿ. ಖರೇ ಬರೀರಿ. ಆದ್ರ ಒಂದು. ನನ್ನ ಮೊಮ್ಮಗನ ಕಿವಿಗಿ ಇದು ಬೀಳಬಾರ್ದು. ಮಗಳ ಸಂಸಾರ ಅದ. ಇದೊಂದು ನಡಸಿಕೊಡ್ರಿ, ಬ್ಯಾರೆ ಏನೂ ಕೇಳಂಗಿಲ್ಲ.”

“ಬೀಳಂಗಿಲ್ಲ,” ಅಂದ ಮಚ್ಛೇಂದ್ರ. “ಇದು ನನ್ನ ಮಾತು.”

ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಅವನು ಓಡಿದ.

*

ನಾಲ್ಕೂಕಾಲು ಗಂಟೆಗೆ ಠಾಣೆಯ ಮೇಜಿನ ಮುಂದೆ ಕೂತು ಬರೆದ. ಗೇಟಿನ ಹೊರಗೆ ಅಭಿಮಾನಿಗಳು ಮೂವತ್ತು ಮಂದಿ ನೆರೆದಿದ್ದರು. ಸಾವಿರಾರು ಮಂದಿಯ ಜವಾಬು, ಹೇಳಿಕೆ ಬರೆದ ಕೈ ಇದು, ತನ್ನದೇ ಹೇಳಿಕೆ ಬರೆಯುವುದು ಇದೇ ಮೊದಲು. ಆದರೂ ಬರೆದ. ಔರಾದ, ಭಾಲ್ಕಿ, ಬೀದರದ ಕಟೌಟುಗಳ ಕಿವಿ ಕೊಯ್ದವರು ಸತ್ಯಮ್ಮ ಗಂಡ ವೈಜಿನಾಥ, ಸಾಕಿನ್ ಠಾಣಾ ಕುಶನೂರ. ಮಕ್ಸೂದನಿಗೂ ಇದಕ್ಕೂ ಸಂಬಂಧವಿಲ್ಲ. ಎಪ್ಪತ್ತಮೂರರ ಕುರಿ ಕಳವಿನ ಕೇಸು ಸುಳ್ಳು ಕೇಸು.

ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ನಿಂತು, ಹೀಗೆ ಮುಂದುವರಿಯಿತು: ‘ಸದರಿ ವೈಜಿನಾಥ ನಿರ್ದೋಷಿ ಎಂಬುದು ಈಗ ನನ್ನ ಗಮನಕ್ಕೆ ಬಂದಿರುತ್ತದೆ.’

ಈಗ. ಎರಡಕ್ಷರ. ಪೆನ್ನು ತಾನಾಗಿ ಬರೆದಂತೆ ಬರೆಯಿತು. ಅವನು ತಿದ್ದಲಿಲ್ಲ.

ರಶೀದ ಅಹ್ಮದ ಎರಡು ಸಲ ಓದಿದ. ಅವನ ಮುಖದಲ್ಲಿ ಏನೋ ಮುರಿದದ್ದು ಕಂಡಿತು. ಆದರೆ ಮಾತು ಮರ್ಯಾದೆಯದೇ ಬಂತು. “ಮುದುಕಿಗಿ ಯಾರೂ ಕೈ ಹಚ್ಚಂಗಿಲ್ರಿ ಸರ್, ಅದು ನನಗ ಬಿಡ್ರಿ. ನರಸಿಂಗಾ, ಬಾ ಇಲ್ಲಿ. ಇದು ಓದು. ಓದಿ ಕೆಳಗ ‘ಮಕ್ಸೂದನ ಮ್ಯಾಲಿನ ದೂರು ತಪ್ಪು ತಿಳುವಳಿಕಿಯಿಂದ ಕೊಟ್ಟದ್ದು’ ಅಂತ ಬರದು ಸಹಿ ಹಾಕು.”

ನರಸಿಂಗ ಉತ್ಸಾಹದಿಂದಲೇ ಕಾಗದ ತೆಗೆದುಕೊಂಡ. ತುಟಿ ಆಡಿಸುತ್ತ ಓದಿದ. ನಡುವೆ ಒಂದು ಸಾಲಿನಲ್ಲಿ ತುಟಿ ನಿಂತವು. ಹಿಂದಕ್ಕೆ ಹೋಗಿ ಮತ್ತೆ ಓದಿದ.

“ಸರ್, ಠಾಣಾ ಕುಶನೂರಿನ್ಯಾಗ ಸತ್ಯಮ್ಮ ಗಂಡ ವೈಜಿನಾಥ ಅಂತ ಎಷ್ಟು ಮಂದಿ ಅದಾರ್ರಿ?”

“ಒಬ್ಬರೇ. ಯಾಕ?” ಅಂದ ಮಚ್ಛೇಂದ್ರ.

“ಅಕಿ ನಮ್ಮ ಅಜ್ಜಿ ಅದಾಳ್ರಿ.”

ಮೊಮ್ಮಗನ ಹೆಸರೇನು ಅಂತ ಮಚ್ಛೇಂದ್ರ ಸತ್ಯಮ್ಮನನ್ನು ಕೇಳಿರಲಿಲ್ಲ. ಭಾಲ್ಕಿ ಅಂದಳು, ಸೀಟಿ ಹೊಡೆದ ಅಂದಳು, ಇವನು ಕೇಳಲಿಲ್ಲ. ಆವತ್ತೂ ಕೇಳದೆ ಬರೆದಿದ್ದ, ಇವತ್ತೂ ಕೇಳದೆ ಬರೆದ. ಥೂ, ಇಂಥ ಪೊಲೀಸು!

“ಏಳು ಸಲ ನೋಡೀನ್ರಿ,” ಅಂದ ನರಸಿಂಗ. ಯಾರಿಗೆ ಹೇಳುತ್ತಿದ್ದನೋ. “ಏಳೂ ಸಲ ಸೀಟಿ ಹೊಡದೀನಿ. ಅಜ್ಜಿ ಬಾಜೂಕ ಕುಂತು ಹೊಡದೀನಿ.”

“ನರಸಿಂಗಾ, ತಮ್ಮಾ...”

“ತಮ್ಮಾ ಅನಬ್ಯಾಡ್ರಿ.” ಅವನು ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಹಚ್ಚೆಯ ಫೌಜದಾರ ಆ ಕೈಯ ಮೇಲೆ ನಗುತ್ತಿದ್ದ. “ಇಲ್ಲಿ ‘ಈಗ’ ಅಂತ ಬರದೀರಿ. ಈಗ ಅಂದ್ರ ಯಾವಾಗ್ರಿ? ನಮ್ಮಜ್ಜ ಕಳ್ಳ ಅಲ್ಲ ಅಂತ ನಿಮಗ ಯಾವಾಗ ಗೊತ್ತಾತು? ಇವತ್ತೇನ್ರಿ?”

ಗಡಿಯಾರದಲ್ಲಿ ನಾಲ್ಕೂ ನಲವತ್ತು. ಹೌದು ಅಂದರೆ ಸಾಕಿತ್ತು. ಹೌದು ಅಂದರೆ ಹುಡುಗ ಅತ್ತು ಸಹಿ ಹಾಕುತ್ತಿದ್ದ, ಮಕ್ಸೂದ ಮನೆಗೆ ಹೋಗುತ್ತಿದ್ದ. ಮೂರನೇ ಸುಳ್ಳು, ಅದೂ ಒಬ್ಬನಿಗೆ ಒಳ್ಳೆಯದು ಮಾಡುವ ಸುಳ್ಳು. ಲಾಕಪ್ಪಿನ ಸರಳಿಗೆ ಮುಖ ಒತ್ತಿಕೊಂಡು ಮಕ್ಸೂದ ಇವರನ್ನೇ ನೋಡುತ್ತಿದ್ದ. ಬಾಗಿಲಲ್ಲಿ ಅಜೀಜಾ ಬೇಗಂ ನಿಂತಿದ್ದಳು.

ಖರೇ ಬರೀರಿ ಅಂದಿದ್ದಳು ಸತ್ಯಮ್ಮ.

“ಎಪ್ಪತ್ತಮೂರನೇ ಇಸ್ವಿ,” ಅಂದ ಮಚ್ಛೇಂದ್ರ. “ಮಿರಗ ಬಂದ ಎಂಟನೇ ದಿನ. ದತ್ತಾತ್ರಿ ಚೌಕಿಗಿ ಬಂದು ಹೇಳಿದ. ನಿಮ್ಮಜ್ಜ ಆಗಿನ್ನೂ ಜೈಲಿನ್ಯಾಗಿದ್ದ. ನಾ ಬಾಯಿ ತೆಗದಿದ್ರ ಬಿಡ್ತಿದ್ರು. ತೆಗೀಲಿಲ್ಲ.”

ನರಸಿಂಗ ಪೆನ್ನು ಮೇಜಿನ ಮೇಲಿಟ್ಟ. ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿ ತುರುಕಿಕೊಂಡು ಬಾಗಿಲ ಕಡೆ ನಡೆದ.

“ಏ ನರಸಿಂಗಾ! ಸಹಿ! ಆ ಕಾಗದ ಇಲ್ಲಿ ಕೊಡು!” ರಶೀದ ಅಹ್ಮದ ಕುರ್ಚಿ ಕೆಡವಿ ಎದ್ದ.

ಹುಡುಗ ತಿರುಗಲಿಲ್ಲ. ಅಧ್ಯಕ್ಷ ಹೊರಗೆ ಬಂದದ್ದು ಕಂಡು ಗೇಟಿನ ಮೂವತ್ತು ಗಂಟಲು ಒಟ್ಟಿಗೆ ಫೌಜದಾರನಿಗೆ ಜೈ ಅಂದವು. ಅವನು ಕೈ ಎತ್ತಿದ, ಎಲ್ಲ ಸುಮ್ಮನಾದರು. ಸಹಿ ಇಲ್ಲದ ಕಾಗದವನ್ನು ಜೇಬಿನಿಂದ ತೆಗೆದು, ಬಿಚ್ಚಿ, ಎಲ್ಲರಿಗೂ ಕೇಳುವ ಹಾಗೆ ಓದತೊಡಗಿದ.

ಒಳಗಿನಿಂದ ಮಕ್ಸೂದ ಕೇಳಿದ, “ಸಾಹೇಬ್, ಆತೇನ್ರಿ? ನಾ ಮನಿಗಿ ಹೋಗ್ಲೇನ್ರಿ?”